ಎರಡನೆಯ ತೂಕ

ಲಾರಿ ತುಂಬಿಕೊಂಡು ಬಂದಾಗ ಒಂದು ತೂಕ. ಸರಕು ಇಳಿಸಿ ಖಾಲಿಯಾಗಿ ಬಂದಾಗ ಎರಡನೆಯ ತೂಕ. ಎರಡನೆಯದಾಗದೆ ಚೀಟಿ ಮುಗಿಯುವುದಿಲ್ಲ. ಹದಿನೆಂಟು ವರ್ಷದಿಂದ ಲಾರಿ ತೂಗುವ ಆ ವೇಬ್ರಿಡ್ಜಿನ ಕಿಟಕಿಯ ಹಿಂದೆ ಕುಳಿತಿದ್ದವನು ಒಂದೇ ಒಂದು ಚೀಟಿಯಲ್ಲೂ ಅಂಕಿ ತಿರುಚಿದವನಲ್ಲ. ಲಾರಿಯವರು ಅವನನ್ನು ಗುಂಡಣ್ಣ ಎನ್ನುತ್ತಿದ್ದರು. ಮೈ ನೋಡಿ ಇಟ್ಟ ಹೆಸರು. ಅದರಿಂದ ಅವನಿಗೇನೂ ಬೇಸರವಿರಲಿಲ್ಲ. ಬೇಸರವಾದದ್ದು ಅವನ ಮಂಡಿಗಳಿಗೆ.

ಕ್ಯಾಬಿನ್ನಿಗೆ ಐದು ಮೆಟ್ಟಿಲು. ಆ ಚಳಿಗಾಲದ ಹೊತ್ತಿಗೆ ಐದನ್ನು ಹತ್ತಲು ಎರಡು ಕಡೆ ನಿಲ್ಲಬೇಕಾಯಿತು. ಡಾಕ್ಟರು ತೂಕ ನೋಡಿದರು, ನೂರನಾಲ್ಕು ಬಂತು. ನಾಲ್ಕು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿಸಿಕೊಂಡು ಬನ್ನಿ, ಮಂಡಿಯ ಮಾತು ಆಮೇಲೆ ಎಂದರು. ಬ್ರೆಡ್ಡು, ಅನ್ನ, ಆಲೂಗಡ್ಡೆ, ಸಕ್ಕರೆ ಬಿಡಬೇಕು, ಹಸಿವಿಗೆ ಪ್ರೋಟೀನ್ ತಿನ್ನಬೇಕು. ಅವನಿದ್ದದ್ದು ಅಕ್ಕನ ಮನೆಯಲ್ಲಿ, ಅಕ್ಕನದು ಬೇಕರಿ. ಮೀನಿಗೆ ನೀರು ಬಿಡು ಎಂದ ಹಾಗಾಯಿತು.

ಅವನಿಗೆ ಗೊತ್ತಿದ್ದ ಪ್ರೋಟೀನ್ ಎಂದರೆ ಮೊಟ್ಟೆಯೊಂದೇ. ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಸಂಜೆ ಎರಡು. ಹನ್ನೊಂದನೆಯ ದಿನ ಆ ವಾಸನೆ ತಡೆಯದೆ ಅರ್ಧ ಸಿಪ್ಪೆ ಬಿಡಿಸಿದ ಮೊಟ್ಟೆಯನ್ನು ಹಾಗೇ ಬಿಟ್ಟು, ಒಂದು ಲೋಟ ಮಜ್ಜಿಗೆಯಾದರೂ ಸಿಕ್ಕೀತೆಂದು ರಸ್ತೆ ದಾಟಿ ಎದುರಿನ ಡೈರಿಗೆ ಹೋದ.

ಅವಳು ಅಲ್ಲಿದ್ದಳು. ಬೆಳಿಗ್ಗೆ ಹಾಲು ಪರೀಕ್ಷೆ ಮಾಡುವುದು, ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಚೀಸು, ಗಟ್ಟಿಮೊಸರು ಮಾಡುವುದು ಅವಳ ಕೆಲಸ. ಲಾರಿಯವರಿಗೆಲ್ಲ ಅವಳು ಮೊಸರಕ್ಕ. ತಲೆಗೆ ಬಿಳಿ ಬಟ್ಟೆ ಕಟ್ಟಿದ್ದಳು, ಕೈ ಮೊಣಕೈವರೆಗೆ ಒದ್ದೆಯಾಗಿತ್ತು. ಕೊಕ್ಕೆಗೆ ತೂಗುಹಾಕಿದ ಮೊಸರಿನ ಬಟ್ಟೆಗಂಟಿನಿಂದ ಹುಳಿನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಬಿಸಿಲು ಒಂದೊಂದು ಹನಿಯೊಳಗೂ ಒಂದು ಗಳಿಗೆ ನಿಂತು, ಆಮೇಲೆ ಕೆಳಗಿಳಿಯುತ್ತಿತ್ತು.

ಅವನು ತನ್ನ ಕಥೆ ಹೇಳಿದ. ಅವಳು ಗಂಭೀರವಾಗಿಯೇ ಕೇಳಿದಳು. ದಿನಕ್ಕೆ ಎಂಟು ಎಂದಾಗ ಮಾತ್ರ ತುಟಿಯ ಒಂದು ಮೂಲೆ ಅಲುಗಿತು.

“ಪಾಪ, ಕೋಳಿಗಳಿಗೂ ಸ್ವಲ್ಪ ರಜ ಕೊಡಿ,” ಎಂದಳು.

ಬಟ್ಟೆ ಬಿಚ್ಚಿ, ನೀರೆಲ್ಲ ಇಳಿದ ಮೊಸರನ್ನು ಒಂದು ಚಮಚ ತೆಗೆದು ಮೇಲೆ ಚಿಟಿಕೆ ಉಪ್ಪು, ಮೆಣಸಿನಪುಡಿ ಉದುರಿಸಿ ಕೊಟ್ಟಳು. ಅವನು ಕಣ್ಣು ಮುಚ್ಚಿ ತಿಂದ. ಕಣ್ಣು ಬಿಟ್ಟಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ.

ಮೊಟ್ಟೆಯಾಚೆಗೂ ಲೋಕವಿದೆ ಎಂದು ಅವನಿಗೆ ತಿಳಿದದ್ದು ಆ ಕೋಣೆಯಲ್ಲಿ. ಸೋಯಾಕಾಳಿನ ಹಾಲು ಒಡೆಸಿ ಒತ್ತಿದ ತೋಫು, ಹುರಿದ ಕುಂಬಳಬೀಜ, ಕೆರೆಯ ಮೀನು, ಒಂದು ಹಿಡಿ ಕಡಲೆಬೀಜ, ಬಾದಾಮಿ ಹಿಟ್ಟಿನ ರೊಟ್ಟಿ ಎಂದು ಅವಳು ಬೆರಳು ಮಡಿಸುತ್ತ ಹೋದಳು. ಬೇಳೆಕಾಳು ಆಗದೇ ಎಂದು ಅವನು ಕೇಳಿದ. ಆಗುತ್ತೆ, ಆದರೆ ಅದರಲ್ಲಿ ಪ್ರೋಟೀನ್ ಒಂದೇ ಬರುವುದಿಲ್ಲ, ಜೊತೆಗೆ ಪಿಷ್ಟವೂ ಬರುತ್ತೆ, ಅಳಿಯನನ್ನು ಊಟಕ್ಕೆ ಕರೆದರೆ ಬೀಗರೆಲ್ಲ ಬಂದು ಕುಳಿತ ಹಾಗೆ ಎಂದಳು. ಅವನು ನಕ್ಕ ರಭಸಕ್ಕೆ ಸ್ಟೂಲು ಕಿರುಗುಟ್ಟಿತು.

ಹೀಗೆ ಒಂದು ಕರಾರಾಯಿತು. ವಾರಕ್ಕೊಂದು ಹೊಸ ತಿನಿಸು ಅವಳದು. ಶನಿವಾರ ಮಧ್ಯಾಹ್ನ ಲಾರಿ ಇಲ್ಲದ ಹೊತ್ತಿನಲ್ಲಿ ತೂಗಿಸಿಕೊಳ್ಳುವುದು ಅವನದು. ಡೈರಿಯ ತಕ್ಕಡಿ ಐವತ್ತು ಕಿಲೋ ದಾಟುತ್ತಿರಲಿಲ್ಲ, ಕ್ಲಿನಿಕ್ಕು ದೂರ; ಕಾಲಬುಡದಲ್ಲೇ ವೇಬ್ರಿಡ್ಜ್ ಇರುವಾಗ ಇನ್ನೇನು ಬೇಕು ಎಂದು ಅವಳೇ ಹೇಳಿದಳು.

“ಹನ್ನೆರಡು ಕಿಲೋ ಇಳಿದ ದಿನ ನನ್ನ ಕೆಲಸ ಮುಗೀತು. ಆಮೇಲೆ ನೀವ್ಯಾರೋ, ನಾನ್ಯಾರೋ.”

ತಮಾಷೆಗೆ ಆಡಿದ ಮಾತು. ಅವನೂ ನಕ್ಕ. ರಸ್ತೆ ದಾಟಿ ಬರುವಾಗ ಮಾತ್ರ ಅದು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ವೇಬ್ರಿಡ್ಜ್ ಲಾರಿಗಳಿಗೆ ಹುಟ್ಟಿದ್ದು. ಅದು ಎಣಿಸುವುದು ಹತ್ತು ಹತ್ತು ಕಿಲೋಗಳಾಗಿ. ತೊಂಬತ್ತೈದರಿಂದ ನೂರೈದರವರೆಗೆ ಏನು ನಿಂತರೂ ಅದಕ್ಕೆ ನೂರೇ. ಮೊದಲ ಶನಿವಾರವೇ ಅವನು ಇದನ್ನು ಹೇಳಬೇಕೆಂದಿದ್ದ. ಕ್ಯಾಬಿನ್ನಿನ ಕಿಟಕಿಯಲ್ಲಿ ಅವಳು ನೋಟ್‌ಬುಕ್ಕು ಬಿಚ್ಚಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು, ಕೆಂಪು ಅಂಕಿಯನ್ನೇ ಕಾಯುತ್ತಿದ್ದಳು. ಅಂಕಿಯ ಕೆಂಪು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಮಾತು ನಾಲಿಗೆಯವರೆಗೆ ಬಂದು ಹಿಂದೆ ಹೋಯಿತು. ನೂರು ಎಂದು ಬರೆದುಕೊಂಡಳು. ಮುಂದಿನ ಶನಿವಾರವೂ ನೂರು. ಹೇಳದೆ ಉಳಿದದ್ದು ಸುಳ್ಳಾಗುವುದಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ವಾರಗಳು ಹುಳಿನೀರಿನ ಹಾಗೆ ಸದ್ದಿಲ್ಲದೆ ಇಳಿದವು. ಎಣ್ಣೆಯಲ್ಲಿ ಅಂಚು ಕೆಂಪಾದ ತೋಫು, ಅಣಬೆಯೊಳಗೆ ಕರಗಿದ ಚೀಸು, ಎಲೆಯಲ್ಲಿ ಸುತ್ತಿ ಸುಟ್ಟ ಮೀನು. ತೋಫು ಹದವಾಯಿತೋ ಎಂದು ಅವಳು ಹೆಬ್ಬೆರಳಿನಿಂದ ಒತ್ತಿ ನೋಡುವಾಗ ಅವನು ಆ ಬೆರಳನ್ನು ನೋಡುತ್ತಿದ್ದ. ಅವಳು ಥಟ್ಟನೆ ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದ.

ಅಕ್ಕನ ಕಣ್ಣಿಗೆ ಏನೂ ತಪ್ಪಲಿಲ್ಲ. “ಊರಿಗೆಲ್ಲ ನೀನು ಅಣ್ಣ, ಅವಳು ಅಕ್ಕ. ನಿಮ್ಮಿಬ್ಬರಿಗೆ ಮಾತ್ರ ಆ ನೆಂಟಸ್ತನ ನೆನಪೇ ಆಗಲ್ವಲ್ಲ,” ಎಂದಳು, ಬನ್ನಿನ ತಟ್ಟೆಯನ್ನು ಒಲೆಗೆ ತಳ್ಳುತ್ತ. ನಿಜವಾಗಿತ್ತು. ಡೈರಿಯವಳು ಅವನನ್ನು ಗುಂಡಣ್ಣ ಎಂದು ಒಮ್ಮೆಯೂ ಕರೆದಿರಲಿಲ್ಲ. ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಮಾತು ಸೀದಾ ಶುರುವಾಗುತ್ತಿತ್ತು.

ಬೆಲ್ಟಿಗೆ ಎರಡು ಹೊಸ ತೂತುಗಳಾದವು. ಐದು ಮೆಟ್ಟಿಲು ಒಂದೇ ಉಸಿರಿಗೆ ಮುಗಿಯತೊಡಗಿತು. ಒಂಬತ್ತನೆಯ ವಾರ, ಒಂದು ಬೆಳಿಗ್ಗೆ ಒಬ್ಬನೇ ವೇಬ್ರಿಡ್ಜಿನ ಕಟ್ಟೆಯ ಮೇಲೆ ನಿಂತ. ಅಂಕಿ ನೂರು ಎಂದಿತು, ನಡುಗಿತು, ತೊಂಬತ್ತಕ್ಕೆ ಬಿತ್ತು. ಮಂಡಿಗೆ ಸಂತೋಷವಾಗಬೇಕಿತ್ತು, ಎದೆ ಮಾತ್ರ ಖಾಲಿ ಲಾರಿಯಂತೆ ಗಡಗಡ ಎಂದಿತು.

ಕ್ಯಾಬಿನ್ನಿನ ಶೆಲ್ಫಿನಲ್ಲಿ ಇನ್‌ಸ್ಪೆಕ್ಟರು ಮಿಷನ್ ಪರೀಕ್ಷಿಸಲು ಬಳಸುವ ಒಂದೊಂದು ಕಿಲೋದ ಕಬ್ಬಿಣದ ಬಟ್ಟುಗಳಿದ್ದವು. ಶನಿವಾರ ಎರಡನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಹದಿನೆಂಟು ವರ್ಷದಲ್ಲಿ ಅವನು ತಿರುಚಿದ ಮೊದಲ ತೂಕ ಅದು. ಅಂಕಿ ನೂರು ತೋರಿಸಿತು. ಮುಂದೆ ಮೂರು ಬೇಕಾದವು, ಆಮೇಲೆ ನಾಲ್ಕು.

ಅವಳು ಒಮ್ಮೆ ಅವನ ಬೆಲ್ಟಿನ ಬಾಲವನ್ನು ನೋಡಿ, ಸಡಿಲವಾದ ಹಾಗಿದೆಯಲ್ಲ ಎಂದಳು. ಮತ್ತೆ ತಾನೇ ತಲೆಯಾಡಿಸಿ, ಕಣ್ಣನ್ನು ನಂಬಬಾರದು, ತೂಕವನ್ನು ನಂಬಬೇಕು, ಹಾಲಿನ ಕೆಲಸ ತನಗೆ ಕಲಿಸಿದ್ದೇ ಅದು ಎಂದಳು. ಅಂದಿನಿಂದ ಕಡಲೆಬೀಜ ಅರ್ಧ ಹಿಡಿಯಾಯಿತು. ಮೊಸರಿನ ಗಂಟು ಇನ್ನೂ ಒಂದು ದಿನ ಹೆಚ್ಚು ಕೊಕ್ಕೆಯಲ್ಲಿ ತೂಗಿತು. ಅವಳ ಕಣ್ಣ ಕೆಳಗೆ ತೆಳ್ಳನೆಯ ಕಪ್ಪು ಬಂತು. ಅದನ್ನು ಕಂಡಾಗಲೆಲ್ಲ ಜೇಬಿನ ಕಬ್ಬಿಣ ಇನ್ನಷ್ಟು ಭಾರವಾಗುತ್ತಿತ್ತು.

ಹದಿನಾಲ್ಕನೆಯ ಶನಿವಾರ ಅವಳ ಕೈಯಲ್ಲಿ ಪೊಟ್ಟಣವಿರಲಿಲ್ಲ, ನೋಟ್‌ಬುಕ್ಕು ಮಾತ್ರ ಇತ್ತು.

“ಚೀಸು, ತೋಫು ಯಾರೂ ಕೊಳ್ಳಲ್ಲ ಅಂತ ಸೋಮವಾರ ಹಿಂದಿನ ರೂಮು ಮುಚ್ಚಿಸ್ತಾರೆ,” ಎಂದಳು. “ಈ ತಿನಿಸಿನಿಂದ ಒಬ್ಬರಿಗಾದ್ರೂ ಗುಣ ಆಗಿದ್ದು ತೋರಿಸು, ನಡೆಸೋಣ ಅಂತ ಮ್ಯಾನೇಜರ್ ಹೇಳಿದ್ರು. ನನ್ನ ಹತ್ರ ಇರೋದು ನೀವೊಬ್ರೇ. ಹದಿಮೂರು ವಾರ, ಹದಿಮೂರು ನೂರು.” ದೂರುವ ದನಿಯಾಗಿರಲಿಲ್ಲ ಅದು. “ನನ್ನ ಕೈಗುಣವೇ ಇಷ್ಟೇನೋ. ನೀವು ಪೇಟೇಲಿ ಯಾರಾದ್ರೂ ಓದಿಕೊಂಡವರನ್ನ ಕೇಳಿ.”

ಅವನು ಮೆಟ್ಟಿಲಿಳಿದು ಕಟ್ಟೆಯ ಮೇಲೆ ಹೋಗಿ ನಿಂತ. ಕಿಟಕಿಯಲ್ಲಿ ಅವಳಿದ್ದಳು. ಅಂಕಿ ನೂರು. ಜೇಬಿನಿಂದ ಒಂದು ಬಟ್ಟು ತೆಗೆದು ಬಗ್ಗಿ ಕಟ್ಟೆಯಾಚೆಯ ಮಣ್ಣಿನ ಮೇಲಿಟ್ಟ. ಮತ್ತೊಂದನ್ನು ಇಟ್ಟ. ಅಂಕಿ ತೊಂಬತ್ತಾಯಿತು. ಮೂರನೆಯದು, ನಾಲ್ಕನೆಯದು. ಅವಳ ಪೆನ್ನು ಬಿದ್ದ ಸದ್ದು ಅವನಿಗೆ ಕೇಳಿಸಿತು.

ಅವಳು ಕೆಳಗೆ ಬಂದಾಗ ಮಿಷನ್ನು ಹತ್ತು ಹತ್ತಾಗಿ ಎಣಿಸುವುದನ್ನು, ತಾನು ಬಾಯಿ ಮುಚ್ಚಿಕೊಂಡಿದ್ದನ್ನು, ಆಮೇಲೆ ಕಬ್ಬಿಣ ಹೊತ್ತದ್ದನ್ನು ಒಂದೂ ಬಿಡದೆ ಹೇಳಿದ. ಹನ್ನೆರಡೂ ಕಿಲೋ ಇಳಿದಿರಬೇಕು ಎಂದ.

“ಯಾಕೆ?” ಎಂದಳು.

“ಇಳಿದ ದಿನ ನೀವ್ಯಾರೋ, ನಾನ್ಯಾರೋ ಅಂದಿದ್ರಿ. ನನಗೆ ಹಾಗಾಗೋದು ಬೇಡವಾಗಿತ್ತು.”

ರಸ್ತೆಯಲ್ಲಿ ಧೂಳು ಎದ್ದು, ಬಿಸಿಲಿನಲ್ಲಿ ಬಂಗಾರವಾಗಿ, ಮೆಲ್ಲನೆ ಕೂತಿತು. ಅವಳು ಬಗ್ಗಿ ನಾಲ್ಕು ಬಟ್ಟುಗಳನ್ನೂ ಏಪ್ರನ್ನಿನ ಮಡಿಲಿಗೆ ಹಾಕಿಕೊಂಡಳು.

“ಊರೋರ ಸರಕಿಗೆ ಹದಿನೆಂಟು ವರ್ಷ ಮೋಸ ಮಾಡ್ಲಿಲ್ಲ. ಮಾಡಿದ್ದು ಒಂದೇ ಒಂದು, ಅದೂ ನನಗೆ,” ಎಂದಳು. ಹಿಂದಿರುಗಿ ನೋಡದೆ ರಸ್ತೆ ದಾಟಿದಳು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಕ್ಲಿನಿಕ್ಕಿನ ಮುಂದಿದ್ದ. ತೊಂಬತ್ತೆರಡು. ಅದನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಂಡು, ನೇರವಾಗಿ ಡೈರಿಯ ಮ್ಯಾನೇಜರ ಮುಂದೆ ಹೋಗಿ ನಿಂತು, ತಪ್ಪು ಅವಳ ಕೈಯದಲ್ಲ, ತನ್ನ ಜೇಬಿನದು ಎಂದು ಹೇಳಿದ. ಮ್ಯಾನೇಜರು ಚೀಟಿಯನ್ನು ಎರಡು ಸಲ, ಅವನ ಬೆಲ್ಟನ್ನು ಒಂದು ಸಲ ನೋಡಿದರು. ಕೋಣೆ ಮುಚ್ಚಲಿಲ್ಲ. ಅವಳು ಆ ಹೊತ್ತು ಹಿಂದಿನ ಕೋಣೆಯಲ್ಲಿ, ಕೊನೆಯ ಸಲವೆಂದುಕೊಂಡು, ಸೋಯಾ ರುಬ್ಬುತ್ತಿದ್ದಳು. ಯಂತ್ರದ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಅವಳು ಹೊರಗೆ ಬರಲಿಲ್ಲ.

ಆ ವಾರ ಅವನು ರಸ್ತೆ ದಾಟಲಿಲ್ಲ. ದಾಟಲು ಈಗ ಕಾರಣವೂ ಇರಲಿಲ್ಲ. ಅಕ್ಕ ಪರೀಕ್ಷೆ ಮಾಡುವವಳಂತೆ ಬಿಸಿ ಬನ್ನೊಂದನ್ನು ಮುಂದಿಟ್ಟಳು. ಅವನು ತಟ್ಟೆಯನ್ನು ಸರಿಸಿದ.

“ಇಷ್ಟು ದಿನ ಮಂಡಿಗೋಸ್ಕರ ಬಿಟ್ಟೆ. ಈಗ ಯಾರಿಗೋಸ್ಕರನಪ್ಪಾ?” ಎಂದಳು ಅಕ್ಕ. ಬನ್ನನ್ನು ತಾನೇ ಮುರಿದು ತಿಂದಳು.

ಶನಿವಾರ ಬಂತು. ಲಾರಿ ಇಲ್ಲದ ಹೊತ್ತು, ಅದೇ ಬಿಸಿಲು. ಅವನು ಕಿಟಕಿಯಿಂದ ನೋಡಬಾರದೆಂದುಕೊಂಡು ನೋಡಿದ. ಅವಳು ಬುಟ್ಟಿ ಹಿಡಿದು ರಸ್ತೆ ದಾಟಿ ಬರುತ್ತಿದ್ದಳು. ತಲೆಗೆ ಬಟ್ಟೆ ಕಟ್ಟಿರಲಿಲ್ಲ. ಸೀದಾ ಬಂದು ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ನಿಂತಳು. ಬುಟ್ಟಿಯಲ್ಲಿ ನಾಲ್ಕು ಬಟ್ಟುಗಳು, ಅವುಗಳ ಪಕ್ಕ ಇನ್ನೂ ಬೆಚ್ಚಗಿದ್ದ ಒಂದು ಪೊಟ್ಟಣ.

“ನಿಮ್ಮ ಮಿಷನ್ನಿಗೆ ಒಬ್ಬರನ್ನ ಸರಿಯಾಗಿ ತೂಗೋಕೆ ಬರಲ್ಲ,” ಎಂದಳು. “ಇಬ್ಬರನ್ನ ತೂಗುತ್ತಾ?”

ಐದು ಮೆಟ್ಟಿಲು ಯಾವಾಗ ಮುಗಿಯಿತೋ ಅವನಿಗೆ ತಿಳಿಯಲಿಲ್ಲ. ಅವಳ ಪಕ್ಕ ನಿಂತ. ಅವಳಿಂದ ಹಾಲಿನ, ಸೋಪಿನ, ಹುರಿದ ಬೀಜದ ಪರಿಮಳ ಬಂತು. ಕಟ್ಟೆಯ ಮೇಲಿಂದಲೇ ತುದಿಗಾಲಲ್ಲಿ ನಿಂತು ಕಿಟಕಿಯೊಳಗೆ ಕೈ ಚಾಚಿ ಬಟನ್ ಒತ್ತಿದ. ಚೀಟಿ ಕರಕರ ಎಂದು ಹೊರಬಂತು. ಅವಳು ಅದನ್ನು ಬಿಸಿಲಿಗೆ ಹಿಡಿದು ಓದಿದಳು.

“ಮೊದಲನೇ ತೂಕ ನೂರೈವತ್ತು ಅಂತಿದೆ. ಎರಡನೇದು ಖಾಲಿ.”

“ಅದು ಇಳಿಸಿದ ಮೇಲೆ ಮಾಡೋದು.” ಅವನು ಕೆಂಪು ಅಂಕಿಯನ್ನು ನೋಡಲಿಲ್ಲ, ಅವಳನ್ನು ನೋಡಿದ. “ನನಗೆ ಇಳಿಸೋ ಮನಸ್ಸಿಲ್ಲ.”

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಹದಿಮೂರು ನೂರುಗಳಿದ್ದ ನೋಟ್‌ಬುಕ್ಕಿನ ನಡುವೆ ಇಟ್ಟಳು.

ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಡ್ರೈವರು ತಲೆ ಹೊರಹಾಕಿ ಇವರಿಬ್ಬರನ್ನೂ ನೋಡಿ, ಕರೆಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಅವಳು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿ, ಖಾಲಿಯಾದ ಕೈಯಿಂದ ಅವನ ಕೋಟಿನ ತೋಳು ಹಿಡಿದಳು.

“ರೀ,” ಎಂದಳು, ಹದಿನೈದು ವಾರದಲ್ಲಿ ಮೊದಲ ಸಲ. “ಲಾರಿ ಬಂತು. ಬನ್ನಿ, ಮೀನು ಆರೋಗುತ್ತೆ.”

ಅವಳು ತೋಳು ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಇಳಿದರು.