ಕೆಂಪು ಮುಚ್ಚಳದ ಲಾರಿ

"ಗುಡ್ಡ ಅಂದ್ರೆ ಹೀಗಿರಲ್ಲ ಕಣೋ. ಇದು ಯಾರೋ ಕೂತೆದ್ದ ದಿಂಬಿನ ಥರ ಇದೆ" ಎಂದಳು ಅಕ್ಕ.

ಚಿಟ್ಟು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಅರ್ಧ ಕುರ್ಚಿ ಮೇಲೆ, ಅರ್ಧ ಮೇಜಿನ ಮೇಲೆ ಕೂತಿದ್ದ. ಅವನಿಗಿನ್ನೂ ಐದು ತುಂಬಿಲ್ಲ. ಅಕ್ಕನಿಗೆ ಹತ್ತು. ಹಾಗಾಗಿ ಈ ಮನೆಯ ಭೂಗೋಳದ ಟೀಚರ್ ಅವಳೇ.

ಮೈದಾಹಿಟ್ಟಿಗೆ ಉಪ್ಪು, ನೀರು ಹಾಕಿ ಕಲಸಿ ಒಣಗಿಸಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಎಂದು ಹಳೇ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಅಕ್ಕ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದ್ದಳು. ಅದರ ಮೇಲೆ ಇಬ್ಬರೂ ಸೇರಿ ಅಪ್ಪ ಲಾರಿ ಓಡಿಸುವ ದಾರಿಯನ್ನು ಮಾಡುತ್ತಿದ್ದರು. ಈ ತುದಿಯಲ್ಲಿ ಮನೆ, ಆಮೇಲೆ ಗುಡ್ಡ, ಗುಡ್ಡದಾಚೆ ನದಿ, ಕೊನೆಯಲ್ಲಿ ಹಡಗುಗಳು ನಿಲ್ಲುವ ಬಂದರು.

ಗುಡ್ಡವನ್ನು ಚಿವುಟಿ ಚಿವುಟಿ ಎತ್ತರ ಮಾಡಿದ್ದಾಯಿತು. ನದಿ ಯಾಕೆ ಗುಡ್ಡ ಹತ್ತುವುದಿಲ್ಲ ಎಂದು ತೋರಿಸಲು ಅಕ್ಕ ಗುಡ್ಡದ ನೆತ್ತಿಗೆ ಒಂದು ಚಮಚ ನೀರು ಸುರಿದಳು. ನೀರು ಸರಸರ ಇಳಿದು ಚಿಟ್ಟುವಿನ ಚಡ್ಡಿಯನ್ನು ಒದ್ದೆ ಮಾಡಿತು. ಹತ್ತಿದರೆ ನೀರಿಗೂ ಸುಸ್ತಾಗುತ್ತಾ ಎಂದು ಅವನು ಕೇಳಿದ. ಹೌದು ಎಂದು ಹೇಳಿ ಟೀಚರ್ ಪಾಠ ಮುಗಿಸಿದಳು.

ನೀರು ಇಳಿದ ಜಾಗದಲ್ಲಿ ನೀಲಿ ಉಲ್ಲನ್ ದಾರ ಇಟ್ಟರು. ಐಸ್‌ಕ್ರೀಮ್ ಕಡ್ಡಿಗಳ ಸೇತುವೆ ಹಾಕಿದರು. ಬೆಂಕಿಪೊಟ್ಟಣಕ್ಕೆ ಪೆನ್ನಿನಲ್ಲಿ ಒಂದು ಬಾಗಿಲು ಬರೆದರು. ಅದು ಮನೆ. ಬಾಟಲಿಯ ಕೆಂಪು ಮುಚ್ಚಳ ಅಪ್ಪನ ಲಾರಿ.

ಇದಕ್ಕೆಲ್ಲ ಒಂದೇ ಒಂದು ರೂಲ್ ಇತ್ತು. ಅಪ್ಪ ಫೋನ್ ಮಾಡಿ ತಾನೆಲ್ಲಿದ್ದೇನೆ ಎಂದು ಹೇಳಿದ ಮೇಲೆಯೇ ಮುಚ್ಚಳವನ್ನು ಸರಿಸಬೇಕು. ನಕ್ಷೆ ಸುಳ್ಳು ಹೇಳಬಾರದು, ಹೇಳಿದರೆ ಡ್ರೈವರ್ ಕತೆ ಮುಗೀತು ಎಂದು ಅಪ್ಪನೇ ಹೇಳುತ್ತಿದ್ದ.

ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿದ್ದರಿಂದ ಅವರು ಈ ಊರಿಗೆ ಬಂದಿದ್ದರು. ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಹೊಸ ಸ್ಕೂಲಿನಲ್ಲಿ ಅಕ್ಕನ ಬೆಂಚಿನಲ್ಲಿ ಅವಳೊಬ್ಬಳೇ. ಅವಳು ಉದ್ದ ಇದ್ದದ್ದಕ್ಕೆ ಹಿಂದಿನ ಬೆಂಚಿನವರು 'ಏಣಿ' ಎಂದು ಹೆಸರಿಟ್ಟಿದ್ದರು. ಅದನ್ನು ಬಿಟ್ಟರೆ ಅವಳನ್ನು ಯಾರೂ ಏನೂ ಕರೆಯುತ್ತಿರಲಿಲ್ಲ. ಊಟದ ಡಬ್ಬಿಯನ್ನು ಅವಳು ಗೋಡೆ ಕಡೆ ತಿರುಗಿ ಕೂತು ಖಾಲಿ ಮಾಡುತ್ತಿದ್ದಳು.

ಮನೆಗೆ ಬಂದ ತಕ್ಷಣ ಬ್ಯಾಗ್ ಕೂಡ ಇಳಿಸದೆ ಅವಳು ಮುಚ್ಚಳವನ್ನು ನೋಡುತ್ತಿದ್ದಳು. ಅಪ್ಪ ಎಲ್ಲಿದ್ದಾನೆ ಎಂದು ಗೊತ್ತಿದ್ದರೆ ಅವನು ಸ್ವಲ್ಪ ಹತ್ತಿರ ಇದ್ದ ಹಾಗೆ ಅನ್ನಿಸುತ್ತಿತ್ತು.

ಒಂದು ದಿನ ಅಪ್ಪ ಬಂದರಿನಿಂದ ಫೋನ್ ಮಾಡಿದ. ಲೋಡ್ ಇಳಿಸಿದೆ, ಈಗ ಹೊರಟೆ ಎಂದ. ಅಕ್ಕ ಮುಚ್ಚಳವನ್ನು ಮನೆಯ ಕಡೆ ಒಂಚೂರು ತಿರುಗಿಸಿದಳು. ಅಷ್ಟೇ. ಆಮೇಲೆ ಫೋನ್ ಬರಲೇ ಇಲ್ಲ. ಇವರು ಮಾಡಿದರೆ ಸ್ವಿಚ್ ಆಫ್. ಏನಾಗಲ್ಲ, ಚಾರ್ಜ್ ಹೋಗಿರುತ್ತೆ ಎಂದಳು ಅಮ್ಮ. ಹಾಗೆಂದವಳು ಊಟ ಮಾಡುವಾಗಲೂ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಳು.

ಮಾರನೆಯ ದಿನ ಅಕ್ಕ ಸ್ಕೂಲಿನಿಂದ ಬಂದಾಗ ಚಿಟ್ಟು ಕೆಳಗಿನ ಮನೆಯಲ್ಲಿರಲಿಲ್ಲ. ಅಕ್ಕ ಬರುವ ತನಕ ಅವನನ್ನು ನೋಡಿಕೊಳ್ಳುವವರು ಅಲ್ಲಿಯ ಟೈಲರ್ ಆಂಟಿ. ಅಪ್ಪ ಬರ್ತಾನೆ ಅಂತ ಹಟ ಮಾಡಿ ಬೀಗದಕೈ ಇಸ್ಕೊಂಡು ಮೇಲೆ ಹೋದ ಎಂದು ಹೇಳಿ ಅವರು ಮತ್ತೆ ಮೆಷಿನ್ ತುಳಿಯತೊಡಗಿದರು.

ಚಿಟ್ಟು ಮೆಟ್ಟಿಲ ಮೇಲೆ ಕೂತಿದ್ದ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಎಡಗಾಲಿನ ಶೂ ಬಲಗಾಲಿನಲ್ಲಿ, ಬಲಗಾಲಿನದು ಎಡಗಾಲಿನಲ್ಲಿ.

"ಅಪ್ಪ ಬಂದುಬಿಟ್ಟ" ಎಂದ.

ಅಕ್ಕ ಎರಡೆರಡು ಮೆಟ್ಟಿಲು ಹಾರಿ ಒಳಗೆ ಓಡಿದಳು. ರೂಮಿನಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಬಾಗಿಲಲ್ಲಿ ಅಪ್ಪನ ಚಪ್ಪಲಿಯೂ ಇಲ್ಲ. ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕೆ ಅಂಟಿಕೊಂಡು ಕೆಂಪು ಮುಚ್ಚಳ ಕೂತಿತ್ತು.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಕ್ಷಣ ಅವಳೂ ನಂಬಿಬಿಟ್ಟಿದ್ದಳು, ಅದಕ್ಕೇ ಅಷ್ಟು ಸಿಟ್ಟು.

"ಮುಟ್ಟಬೇಡ ಅಂತ ಹೇಳಿರ್ಲಿಲ್ವಾ? ಈಗ ಅಪ್ಪ ಎಲ್ಲಿದ್ದಾನೆ ಅಂತ ನಂಗೆ ಹೇಗೆ ಗೊತ್ತಾಗಬೇಕು? ನೀನು ಮುಚ್ಚಳ ಸರಿಸಿದ್ರೆ ಅಪ್ಪ ಬರ್ತಾನಾ?"

"ನೀನು ಸರಿಸಿದಾಗೆಲ್ಲ ಹೋಗ್ತಾನಲ್ಲ" ಎಂದ ಚಿಟ್ಟು.

ಚಿಟ್ಟು ಅಳಲಿಲ್ಲ. ನೆಲದ ಮೇಲೆ ಕೂತು ಶೂ ಬಿಚ್ಚತೊಡಗಿದ.

"ನೀನು ಸ್ಕೂಲಿಗೆ ಹೋಗ್ತೀಯ, ಅಮ್ಮ ಡ್ಯೂಟಿಗೆ. ಆಂಟಿ ಮಾತಾಡಲ್ಲ, ಮೆಷಿನ್ ಮಾತ್ರ ಮಾತಾಡುತ್ತೆ. ನಂಗೆ ಬೇಜಾರು."

ಅಕ್ಕ ಅವನ ಪಕ್ಕ ಕೂತು ಇನ್ನೊಂದು ಶೂ ಬಿಚ್ಚಿದಳು. ಈ ಊರಿನಲ್ಲಿ ಒಬ್ಬಂಟಿ ಅಂದರೆ ತಾನೊಬ್ಬಳೇ ಎಂದುಕೊಂಡಿದ್ದಳು ಅವಳು.

ಕತ್ತಲಾಗುವ ಹೊತ್ತಿಗೆ ಅಮ್ಮ ಮನೆಯಲ್ಲಿ ಬಿಟ್ಟುಹೋಗುವ ಹಳೇ ಫೋನ್ ಹೊಡೆದುಕೊಂಡಿತು. ಯಾವುದೋ ಬೇರೆ ನಂಬರ್. ಆದರೆ ಮಾತಾಡಿದ್ದು ಅಪ್ಪ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಸೇತುವೆ ಬಿರುಕು ಬಿಟ್ಟಿದೆಯಂತೆ. ನದಿಯ ಆಚೆ ದಡದಲ್ಲೇ ಲಾರಿಗಳು ಸಾಲಾಗಿ ನಿಂತಿವೆಯಂತೆ. ಅಪ್ಪನ ಫೋನ್ ಕೆಟ್ಟು, ಇನ್ನೊಬ್ಬ ಡ್ರೈವರ್‌ನ ಫೋನ್ ಕೇಳಿ ಪಡೆದು ಮಾಡಿದ್ದಾನಂತೆ. ಸೇತುವೆ ರಿಪೇರಿ ಆಗುವ ತನಕ ಬರುವ ಹಾಗಿಲ್ಲ.

ಚಿಟ್ಟು ಫೋನ್ ಕಿತ್ತುಕೊಂಡ. "ಅಪ್ಪಾ, ನಾನು ನಿನ್ನ ಮನೇಲಿ ತಂದಿಟ್ಟಿದ್ದೆ. ನೀನ್ಯಾಕೆ ಬರ್ಲಿಲ್ಲ?"

ಆ ಕಡೆಯಿಂದ ಲಾರಿಗಳ ಹಾರನ್ ಕೇಳಿಸುತ್ತಿತ್ತು. "ದಾರಿ ಇಲ್ಲ ಕಂದ" ಎಂದ ಅಪ್ಪ.

ಫೋನ್ ಇಟ್ಟ ಮೇಲೆ ಅಕ್ಕ ಮುಚ್ಚಳವನ್ನು ಎತ್ತಿ ನದಿಯ ಆಚೆ ಇಟ್ಟಳು. ಸೇತುವೆಯಿಂದ ಒಂದು ಕಡ್ಡಿ ತೆಗೆದಳು. ನಕ್ಷೆ ಈಗ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ನೋಡಿಯೇ ಅವಳಿಗೆ ಅಳು ಬಂತು.

ಚಿಟ್ಟು ತುಂಬ ಹೊತ್ತು ನೋಡಿದ. ಆಮೇಲೆ ಕುರ್ಚಿ ಹತ್ತಿ, ಬೆಂಕಿಪೊಟ್ಟಣವನ್ನು ಎರಡೂ ಕೈಯಿಂದ ಜೋಪಾನವಾಗಿ ಎತ್ತಿ, ಗುಡ್ಡ ದಾಟಿಸಿ, ನದಿ ದಾಟಿಸಿ, ಮುಚ್ಚಳದ ಪಕ್ಕದಲ್ಲಿಟ್ಟ.

"ಅಪ್ಪನ್ನ ಸರಿಸಬಾರದು ಅಂದೆ. ಮನೆ ಸರಿಸಬಾರದು ಅಂತ ನೀನು ಹೇಳ್ಲಿಲ್ಲ."

ಮನೆ ಎಲ್ಲಾದರೂ ಎದ್ದು ಹೋಗುತ್ತಾ ಎನ್ನಲು ಟೀಚರ್ ಬಾಯಿ ತೆರೆದಳು. ಆದರೆ ಅವರ ಮನೆ ಮೊನ್ನೆ ತಾನೇ ಪಾತ್ರೆ, ಹಾಸಿಗೆ ಸಮೇತ ಅಪ್ಪನ ಲಾರಿ ಹತ್ತಿ ಒಂದು ಊರಿನಿಂದ ಇನ್ನೊಂದು ಊರಿಗೆ ಬಂದಿತ್ತಲ್ಲ.

ಅಮ್ಮ ಬಂದಾಗ ಅವಳ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಅಪ್ಪ ಅವಳಿಗೂ ಫೋನ್ ಮಾಡಿದ್ದ. ಅವಳ ಮುಖ ಸ್ವಲ್ಪ ಹಗುರಾಗಿತ್ತು. ಮೇಜಿನ ಹತ್ತಿರ ಬಂದು ನಿಂತಳು.

"ಇದ್ಯಾರಪ್ಪ ನಮ್ಮನೇನ ನದಿ ದಾಟಿಸಿದೋರು? ಟೀಚರಮ್ಮ, ಇದು ತಪ್ಪಲ್ವಾ?"

ಚಿಟ್ಟು ಅಕ್ಕನ ಮುಖ ನೋಡಿದ.

"ತಪ್ಪೇ" ಎಂದಳು ಅಕ್ಕ. "ಅಪ್ಪ ಬರೋ ತನಕ ಹೀಗೇ ಇರ್ಲಿ ಅಮ್ಮ."

ಆಮೇಲೆ ಬೆಂಕಿಪೊಟ್ಟಣವನ್ನು ಒಂಚೂರು ತಿರುಗಿಸಿ, ಅದರ ಬಾಗಿಲು ಲಾರಿಯ ಕಡೆಗೆ ಬರುವಂತೆ ಇಟ್ಟಳು.