ಸಿಕ್ ಲೀವಿನ ಇಪ್ಪತ್ತಾರನೆಯ ದಿನ

ಕಾಲಿಂಗ್ ಬೆಲ್ ಸದ್ದಾದಾಗ ಅವಳು ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಇಟ್ಟಿದ್ದಳು. ಹನ್ನೊಂದು ವರ್ಷ ಬಸ್ ಓಡಿಸಿದ ಸೊಂಟ ಕೈಕೊಟ್ಟು ಅಂದಿಗೆ ಇಪ್ಪತ್ತಾರು ದಿನ.

ಬಾಗಿಲು ತೆರೆದ ಅಮ್ಮನ ಹಿಂದೆಯೇ ಎತ್ತರದ ಗಂಡಸೊಬ್ಬ ಒಳಗೆ ಬಂದ. ಕೈಯಲ್ಲಿ ಫೈಲು.

"ವಿಮೆ ಆಫೀಸಿಂದ ರಜೆ ತಪಾಸಣೆಗೆ ಬಂದಿದೀನಿ. ನಿಮ್ಮ ಡಿಪೋದವರು ಫೈಲು ಕಳಿಸಿದ್ರು."

ಅವನ ಕಣ್ಣು ಒಂದು ಕ್ಷಣ ಅವಳ ಮುಖದ ಮೇಲೆ ನಿಂತು, ಸರಕ್ಕನೆ ಗೋಡೆಗೆ ಸರಿಯಿತು.

"ಏಳೋಕಾಗಲ್ಲ, ತಪ್ಪು ತಿಳ್ಕೋಬೇಡಿ. ಕೂತ್ಕೊಳ್ಳಿ."

"ಪರವಾಗಿಲ್ಲ, ನಿಂತಿರ್ತೀನಿ."

ಅವನು ಒಂದು ಫೋಟೋ ತೆಗೆದು ಅವಳ ಮುಂದೆ ಹಿಡಿದ. ಅದರಲ್ಲಿ ಮೆಟ್ಟಿಲ ಮೇಲೆ ಅಮ್ಮನನ್ನು ಎತ್ತಿಕೊಂಡು ನಿಂತಿದ್ದಳು ಅವಳು. ಯಾರೋ ಕದ್ದು ತೆಗೆದು ಡಿಪೋಗೆ ಕಳಿಸಿದ್ದರು.

"ಸೊಂಟ ನೋವು ಅಂತೀರಾ. ಇದೇನು?"

"ಅಮ್ಮ ಜಾರಿ ಬಿದ್ರು. ಸೊಂಟದ ಪರ್ಮಿಷನ್ ಕೇಳ್ಕೊಂಡು ಎತ್ಬೇಕಿತ್ತಾ? ಆಮೇಲೆ ಎರಡು ದಿನ ಮಗ್ಗುಲು ಬದಲಿಸೋಕೂ ಆಗ್ಲಿಲ್ಲ. ಆ ಫೋಟೋ ಯಾರೂ ತೆಗೀಲಿಲ್ಲ."

ಅವನು ತುಟಿ ಬಿಗಿಹಿಡಿದ. "ಎಲ್ರೂ ಹೀಗೇ ಹೇಳ್ತಾರೆ ಮೇಡಂ. ನರ್ಸು, ಟೈಲ್ಸ್ ಹಾಕೋನು, ಟೈಲರು, ಕಂಪ್ಯೂಟರ್ ಮುಂದೆ ಕೂರೋರು... ಹತ್ತು ಫೈಲಲ್ಲಿ ಆರು ಸೊಂಟದ್ದೇ. ಇದು ಸುಳ್ಳು ಅಂತಾದ್ರೆ ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು. ಬರ್ಕೊಳ್ಳಿ."

ಬರೆಯಹೋದವನ ಪೆನ್ನು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತು, ಹಣೆಯಲ್ಲಿ ಬೆವರು.

ಅವಳಿಗೆ ತಕ್ಷಣ ಅರ್ಥವಾಯಿತು. "ಅಲ್ಲಾಡ್ಬೇಡಿ! ಮಂಡಿ ಮಡಚಿ, ನಿಧಾನಕ್ಕೆ ನೆಲಕ್ಕೆ ಬನ್ನಿ. ಅಮ್ಮಾ, ಇನ್ನೊಂದು ಕುರ್ಚಿ!"

ಎರಡು ನಿಮಿಷದಲ್ಲಿ ಅವನೂ ಅಂಗಾತ ಮಲಗಿದ್ದ, ಕಾಲು ಕುರ್ಚಿಯ ಮೇಲೆ. ಇಬ್ಬರ ನಡುವೆ ಒಂದು ಮೊಳ ಜಾಗ.

"ಎಷ್ಟು ದಿನದಿಂದ?"

"ಎರಡು ವರ್ಷ."

"ರಜೆ ಹಾಕ್ಲಿಲ್ವಾ?"

"ರಜೆ ಹಾಕಿದವರನ್ನ ಹಿಡಿಯೋದೇ ನನ್ನ ಕೆಲಸ. ನಾನೇ ಹಾಕಿದ್ರೆ ಆಫೀಸಲ್ಲಿ ನಗಲ್ವಾ?"

ಅವಳೇ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ಸೊಂಟ ಚುಳುಕ್ಕೆಂದಿತು. "ಅಯ್ಯೋ, ನಗಿಸಬೇಡ್ರೀ!"

ಅವನು ತಲೆ ಹೊರಳಿಸಿ ನೋಡಿದ. ಈ ಸಲ ಕಣ್ಣು ಗೋಡೆಗೆ ಓಡಲಿಲ್ಲ. ಅವಳೇ ಮುಖ ಆಚೆ ತಿರುಗಿಸಬೇಕಾಯಿತು.

ಒಂದು ಗಂಟೆಯ ನಂತರ ಗೋಡೆ ಹಿಡಿದು ಎದ್ದು ಹೊರಟವನನ್ನು ಅವಳು ಕೇಳಿದಳು, "ಏನು ಬರೀತೀರಾ?"

ಅವನು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ.

ನಾಲ್ಕನೆಯ ದಿನ ಪತ್ರ ಬಂತು. ಅವಳ ಫೈಲು ಬೇರೆ ಅಧಿಕಾರಿಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಮೂವರು ಡಾಕ್ಟರು ಪರೀಕ್ಷೆ ಮಾಡುವರಂತೆ. ಅವಳಿಗೆ ಮೈಯೆಲ್ಲ ಉರಿಯಿತು. ನೆಲದ ಮೇಲೆ ಜಾಗ ಕೊಟ್ಟಿದ್ದಕ್ಕೆ ಇದಾ ಬಹುಮಾನ?

ಡಾಕ್ಟರು ಬೆನ್ನು ಒತ್ತಿದರು, ಕಾಲು ಎತ್ತಿಸಿದರು, ಸ್ಕ್ಯಾನನ್ನು ಬೆಳಕಿಗೆ ಹಿಡಿದು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಅವಳು ಹಲ್ಲು ಕಚ್ಚಿ ಕಾದಳು. ಕೊನೆಗೆ ಹಿರಿಯ ಡಾಕ್ಟರು ಹೇಳಿದರು, "ನೋವು ನಿಜವೇ ಇದೆ. ಇನ್ನೂ ಆರು ವಾರ ಸ್ಟಿಯರಿಂಗ್ ಮುಟ್ಟಬೇಡಿ."

ಹೊರಗೆ ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಫೈಲಿರಲಿಲ್ಲ.

"ನನ್ನ ಫೈಲು ಯಾಕೆ ಬಿಟ್ಕೊಟ್ರಿ?" ಅವಳು ಅವನೆದುರು ಹೋಗಿ ನಿಂತಳು. "ಪತ್ರ ಬಂದಾಗಿಂದ ನಿದ್ದೆ ಮಾಡಿಲ್ಲ ನಾನು."

"ನಾನು ಬರೆದಿದ್ರೆ ನಾಳೆ ಯಾರಾದ್ರೂ ಪ್ರಶ್ನೆ ಮಾಡೋರು. ಡಾಕ್ಟರ ಮಾತನ್ನ ಯಾರೂ ಅಲ್ಲಗಳೆಯೋಕಾಗಲ್ಲ."

"ನೀವು ಬರೆದಿದ್ರೆ ಏನು ತಪ್ಪಾಗ್ತಿತ್ತು?"

ಅವನ ಕಿವಿ ಕೆಂಪಾಯಿತು. "ಆ ಒಂದು ಗಂಟೆ ನಾನು ಸೀಲಿಂಗ್ ನೋಡ್ತಾ ಇದ್ದೆ ಅಂದ್ಕೊಂಡ್ರಾ?"

ಅವಳು ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ.

"ಮತ್ತೆ ಇಲ್ಲೇನು ಮಾಡ್ತಿದೀರಾ?"

"ಸೊಂಟ ತೋರಿಸೋಕೆ ಬಂದೆ. ಇವತ್ತಿಂದ ನಂದೂ ಸಿಕ್ ಲೀವ್. ಆಫೀಸಲ್ಲಿ ನಕ್ರು. ನಗಲಿ ಬಿಡಿ."

ಅಷ್ಟರಲ್ಲಿ ನರ್ಸ್ ಬಾಗಿಲಿನಿಂದ ಇಣುಕಿ ಅವನ ಟೋಕನ್ ನಂಬರ್ ಕೂಗಿದಳು. "ಪೇಷಂಟ್ ಜೊತೆ ಯಾರಿದೀರಾ?"

ಅವನು "ಯಾರೂ ಇಲ್ಲ" ಎನ್ನುವ ಮೊದಲೇ ಅವಳು ಅವನ ತೋಳು ಹಿಡಿದಳು.

"ನಾನಿದೀನಿ."