ಹೊತ್ತುನುಂಗನ ಜೋಡಿ ಗಡಿಯಾರ

ಮೊದಲು ಒಂದು ಒಗಟು.

ನೀರಿಗೆ ಹೋಗುತ್ತದೆ, ನೀರು ಕುಡಿಯುವುದಿಲ್ಲ. ಹಿಂದೆ ಹೋಗು ಅಂದರೆ ಹೋಗುತ್ತದೆ, ಮುಂದೆ ಬಾ ಅಂದರೆ ಸತ್ತರೂ ಬರುವುದಿಲ್ಲ. ತಪ್ಪು ಹೇಳುತ್ತದೆ, ಆ ತಪ್ಪಿನಿಂದಲೇ ಜೀವ ಉಳಿಸುತ್ತದೆ. ಏನದು?

ಎಮ್ಮೆ ಅಂದಿರಾ? ಎಮ್ಮೆ ನೀರು ಕುಡಿಯುತ್ತದೆ ಮಾರಾಯ್ರೇ. ನಮ್ಮ ಲೆಕ್ಕದ ಮೇಷ್ಟ್ರು ಅಂದಿರಾ? ಅವರು ತಪ್ಪು ಹೇಳಿದ್ದುಂಟು, ಆದರೆ ಯಾರ ಜೀವವನ್ನೂ ಉಳಿಸಿದ್ದಿಲ್ಲ. ಬಿಡಿ, ನಿಮಗೆ ಬರುವುದಿಲ್ಲ. ಕತೆ ಕೇಳಿ.

ಸಮುದ್ರದಲ್ಲಿ ಉಪ್ಪು ಇನ್ನೂ ಪೂರ್ತಿ ಕರಗದೆ ಇದ್ದ ಕಾಲ. ಆಗ ಅಲೆಪುರ ಅಂತ ಒಂದು ರಾಜ್ಯ. ಅಲ್ಲಿಯವರೆಲ್ಲ ಮುತ್ತು ತೆಗೆಯುವವರು. ರಾಜನೂ ಮುಳುಗು ಹಾಕುತ್ತಿದ್ದ, ಅವನ ಕಿರೀಟ ದಡದಲ್ಲಿ ಕಾಯುತ್ತಿತ್ತು. ಎಲ್ಲರಿಗಿಂತ ಆಳಕ್ಕೆ ಹೋಗುವವಳು ದುಗ್ಗಕ್ಕ. ಅವಳ ಕೈಯಲ್ಲಿ ಅಜ್ಜಿಯ ಕಾಲದ ಒಂದು ಕೈಗಡಿಯಾರ. ಆ ಗಡಿಯಾರದ ಗಾಜಿನ ಸುತ್ತ ಒಂದು ಬಳೆ, ಬಳೆಯ ಮೇಲೆ ಒಂದು ಚುಕ್ಕೆ. ನೀರಿಗಿಳಿಯುವ ಮುಂಚೆ ಬಳೆ ತಿರುಗಿಸಿ ಚುಕ್ಕೆಯನ್ನು ನಿಮಿಷದ ಮುಳ್ಳಿನ ಎದುರಿಗೆ ತರಬೇಕು. ಮುಳ್ಳು ಚುಕ್ಕೆಯಿಂದ ಎಷ್ಟು ದೂರ ಹೋಯಿತೋ ಅಷ್ಟು ಹೊತ್ತು ಕಳೆಯಿತು ಅಂತ ಲೆಕ್ಕ. ಅದನ್ನು ನೋಡಿಕೊಂಡು ಉಸಿರು ಮುಗಿಯುವ ಮುಂಚೆ ಮೇಲೆ ಬರಬೇಕು.

ಗಡಿಯಾರದ ಆರೈಕೆ ಅವಳ ತಮ್ಮ ಶೀನನದು. ಅಕ್ಕ ಬಂದ ಕೂಡಲೇ ಅದನ್ನು ಬಾವಿಯ ಸಿಹಿನೀರಲ್ಲಿ ತೊಳೆಯುತ್ತಿದ್ದ, ಮುಚ್ಚಳದ ವಾಷರಿಗೆ ಜಿಡ್ಡು ಹಚ್ಚುತ್ತಿದ್ದ, ಕೀಲಿ ಕೊಡುತ್ತಿದ್ದ. ಕೊನೆಗೆ ಅಕ್ಕ ಗಾಬರಿಯಿಂದ ಏಳಲಿ ಅಂತ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಿದ್ದ. ಕಿವಿ ಹಿಂಡಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ದಡಕ್ಕೆ ಒಬ್ಬ ಮುದುಕ ಬಂದ. "ಗಾಜು ಮಸುಕಾಗಿದೆ ತಂಗೀ, ಉಜ್ಜಿ ಕೊಡಲಾ?" ಅಂದ. ದುಗ್ಗಕ್ಕ ಕೊಟ್ಟಳು. ಮುದುಕ ಫಳಫಳ ಮಾಡಿ ವಾಪಸು ಕೊಟ್ಟು ಮಾಯವಾದ. ದುಗ್ಗಕ್ಕ ಅದನ್ನು ಕಟ್ಟಿಕೊಂಡು ಮುಳುಗಿದಳು.

ಮೇಲೆ ಬರಲಿಲ್ಲ.

ದಡದಲ್ಲಿ ಶೀನ ಬಾಯಿ ಬಿಟ್ಟು ಅತ್ತ. ಆಗ ಒಂದು ಬಂಗುಡೆ ಮೀನು ನೀರಿನಿಂದ ತಲೆ ಎತ್ತಿತು.

"ಏ ಶೀನ, ಬಾಯಿ ಮುಚ್ಚಿ ಕೇಳು. ಆ ಮುದುಕ ಹೊತ್ತುನುಂಗ, ಕಡಲಡಿಯ ಮಾಂತ್ರಿಕ. ಅಸಲಿ ಗಡಿಯಾರ ಕದ್ದು ನಕಲಿ ಕೊಟ್ಟ. ನಿನ್ನಕ್ಕ ಅವನ ಅರಮನೆ ಮುಂದೆ ಗಾಜಿನ ಗುಳ್ಳೆಯೊಳಗೆ ಇದ್ದಾಳೆ. ಸೂರ್ಯ ಮುಳುಗಿದರೆ ಗುಳ್ಳೆಯ ಗಾಳಿ ಮುಗಿಯಿತು. ಅಸಲಿ ಗಡಿಯಾರ ತಾಗಿಸಿದರೆ ಮಾತ್ರ ಅದು ಒಡೆಯುತ್ತದೆ."

"ಅವನಿಗೆ ಯಾಕೆ ನಮ್ಮ ವಾಚು?"

"ಅವನಿಗೆ ಶಾಪ. ಅರಮನೆಯ ಹೊರಗೆ ಅರ್ಧ ಗಂಟೆ ದಾಟಿದರೆ ಕಲ್ಲಾಗುತ್ತಾನೆ. ಅದಕ್ಕೇ ಹೊತ್ತು ನೋಡಿಕೊಳ್ಳಲು ಮುಳುಗುವವರ ಗಡಿಯಾರ ಕಂಡರೆ ಕದಿಯುತ್ತಾನೆ. ನನ್ನ ಬಾಲ ಹಿಡಿ. ಹಿಡಿದಷ್ಟು ಹೊತ್ತು ನಿನಗೆ ಉಸಿರು ಕಟ್ಟುವುದಿಲ್ಲ."

"ಜಾರುತ್ತದಲ್ಲ?"

"ಹುರಿದು ತಿನ್ನುವಾಗ ಜಾರಿತಾ? ಹಿಡಿಯೋ!"

ಇಬ್ಬರೂ ತಳ ಮುಟ್ಟಿದರು. ಗುಳ್ಳೆಯೊಳಗೆ ದುಗ್ಗಕ್ಕ ತಮ್ಮನನ್ನು ಕಂಡು ಏನೋ ಕೂಗಿದಳು. ಮಾತು ಕೇಳಿಸಲಿಲ್ಲ. ಬೈಗುಳ ಅಂತ ಮಾತ್ರ ಗೊತ್ತಾಯಿತು.

ಅರಮನೆಯ ಮೆಟ್ಟಿಲಿನಿಂದಾಚೆ ನೀರಿಲ್ಲ, ಬರೀ ಗಾಳಿ, ಶೀನ ಬಾಲ ಬಿಟ್ಟು ಹತ್ತಿದ. ಮೊದಲ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಏಡಿ. ಅದು ಎರಡು ಗಡಿಯಾರ ಹಿಡಿದು, "ಒಂದು ಹಳೆಯದು, ಒಂದು ಹಳೆಯದರ ವೇಷ ಹಾಕಿದ್ದು. ತಪ್ಪು ಹೇಳಿದರೆ ನೀನೂ ನನ್ನ ಹಾಗೆ ಏಡಿ" ಅಂತು.

ಎರಡರ ಮುಖವೂ ಹಳದಿ. ಒಂದರ ಮುಳ್ಳೂ ಹಳದಿ, ಇನ್ನೊಂದರ ಮುಳ್ಳು ಹಾಲಿನಷ್ಟು ಬಿಳಿ.

"ಏಡಿಯಣ್ಣ, ಒಬ್ಬರ ತಲೆಯೆಲ್ಲ ನರೆತು ಮೀಸೆ ಮಾತ್ರ ಕಪ್ಪಗಿದ್ದರೆ ಎಂತ ಹೇಳ್ತೀರಿ?"

"ಬಣ್ಣ ಹಚ್ಚಿದ್ದಾನೆ ಅಂತೇನೆ."

"ಇದಕ್ಕೂ ಹಚ್ಚಿದ್ದಾರೆ. ಮುಖವನ್ನು ಚಹಾದಲ್ಲಿ ಅದ್ದಿದವರು ಮುಳ್ಳು ಅದ್ದಲು ಮರೆತಿದ್ದಾರೆ. ಬಿಳಿ ಮುಳ್ಳಿನದ್ದೇ ವೇಷ."

ಏಡಿ ನಕ್ಕು ಬಾಗಿಲು ತೆಗೆಯಿತು.

ಎರಡನೆಯ ಬಾಗಿಲಲ್ಲಿ ಆಮೆ. "ಇವೆರಡರಲ್ಲಿ ಒಂದು ಒಳಗೊಳಗೇ ನೀರು ಕುಡಿದಿದೆ. ಯಾವುದು? ಮುಚ್ಚಳ ತೆಗೆಯುವ ಹಾಗಿಲ್ಲ. ತಪ್ಪಿದರೆ ನೀನೂ ಆಮೆ."

ಶೀನ ಎರಡನ್ನೂ ಎರಡು ಕಂಕುಳಲ್ಲಿ ಇಟ್ಟುಕೊಂಡು ಕೂತ.

"ಎಂತ ಮಾಡ್ತಿದ್ದೀಯಾ?"

"ಕಾವು ಕೊಡ್ತಿದ್ದೇನೆ. ಮರಿ ಬಂದರೆ ನಿಮಗೊಂದು."

ಬೆಚ್ಚಗಾದ ಮೇಲೆ ಒಂದೊಂದರ ಗಾಜಿನ ಮೇಲೂ ಒದ್ದೆ ಕೂದಲಿನಿಂದ ತಣ್ಣೀರಿನ ಒಂದು ಹನಿ ಬಿಟ್ಟ. ಒಂದರ ಗಾಜು ಹಾಗೇ ಇತ್ತು. ಇನ್ನೊಂದರಲ್ಲಿ ಹನಿಯ ಕೆಳಗೆ, ಗಾಜಿನ ಒಳಮೈಗೆ, ಮಂಜು ಕಟ್ಟಿತು.

"ಕುಡಿದಿದ್ದು ಇದೇ. ಬಾಯಿ ಮೂಸಿ ನೋಡುವುದೂ ಬೇಡ."

ಆಮೆ ಬಾಗಿಲು ತೆಗೆಯಿತು.

ಒಳಗೆ ಗೋಡೆಯ ತುಂಬ ಗಡಿಯಾರ. ನಡುವೆ ಹೊತ್ತುನುಂಗ ಕೂತಿದ್ದ. ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಎರಡು ಗಡಿಯಾರ, ಅವಳಿ ಮಕ್ಕಳ ಹಾಗೆ.

"ಒಂದು ನಿನ್ನಕ್ಕನದು. ಇನ್ನೊಂದು ನಾನೇ ಮಾಡಿ, ಅವಳನ್ನು ಮುಳುಗಿಸಿ, ಅವಳ ಕೈಯಿಂದ ವಾಪಸು ಬಿಚ್ಚಿಕೊಂಡದ್ದು. ಮುಟ್ಟುವ ಹಾಗಿಲ್ಲ, ಕಂಕುಳಲ್ಲಿ ಇಡುವ ಹಾಗೂ ಇಲ್ಲ. ಸರಿ ಹೇಳಿದರೆ ತೆಗೆದುಕೊಂಡು ಹೋಗು. ತಪ್ಪಿದರೆ ಈ ಕಡಲಿಗೆ ಒಂದು ಲೋಳೆಮೀನು ಜಾಸ್ತಿ."

ಅದೇ ಹಳದಿ, ಅದೇ ಗೀರು, ಅದೇ ಟಿಕ್ ಟಿಕ್. ಕಿಟಕಿಯಾಚೆ ನೀರು ಕೆಂಪಾಗತೊಡಗಿತು, ಅಂದರೆ ಮೇಲೆ ಸೂರ್ಯ ಇಳಿಯುತ್ತಿದ್ದ. ಶೀನನಿಗೆ ಹುಟ್ಟಿದ ಮೇಲೆ ಮೊದಲ ಸಲ ಒಂದು ತಮಾಷೆಯೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮಾಂತ್ರಿಕ, ಗೋಡೆಯಲ್ಲಿ ಒಂಚೂರು ಓರೆಯಾಗಿ ನೇತಾಡುತ್ತಿದ್ದ ಒಂದು ಗಡಿಯಾರವನ್ನು ಎದ್ದು ಹೋಗಿ ಬೆರಳ ತುದಿಯಲ್ಲಿ ನೇರ ಮಾಡಿ ಬಂದ.

ಶೀನನಿಗೆ ಅಷ್ಟೇ ಸಾಕಾಯಿತು.

"ಅಯ್ಯೋ ಮಾವಾ! ಎರಡರದ್ದೂ ಬಳೆಯ ಚುಕ್ಕೆ ಓರೆ ಉಂಟಲ್ಲ?"

"ಯಾವುದು? ಎಲ್ಲಿ?"

"ಹನ್ನೆರಡರ ನೇರಕ್ಕಿಲ್ಲ. ಒಂದು ಕೂದಲಿನಷ್ಟು ಬಲಕ್ಕೆ. ಬಿಡಿ, ವಯಸ್ಸಾಯ್ತಲ್ಲ, ಕಾಣದಿದ್ದರೆ ಪರವಾಗಿಲ್ಲ."

ಚುಕ್ಕೆ ಎರಡೂ ನೆಟ್ಟಗೇ ಇದ್ದವು. ಆದರೆ ಮಾಂತ್ರಿಕನಿಗೆ ತಡೆಯಲಾಗಲಿಲ್ಲ. ಮೊದಲನೆಯದರ ಬಳೆಯನ್ನು ಎಡಕ್ಕೆ ತಿರುಗಿಸಿದ, ಕಟ್.

"ಈಗ?"

"ಈಗ ಎಡಕ್ಕೆ ಜಾಸ್ತಿ ಆಯ್ತು."

ಬಲಕ್ಕೆ ತಿರುಗಿಸಿದ. ಕಟ್. ಸುಲಭವಾಗಿ ಬಂತು.

ಎರಡನೆಯದನ್ನು ಎಡಕ್ಕೆ ತಿರುಗಿಸಿದ, ಕಟ್.

"ಇದೂ ಜಾಸ್ತಿ ಆಯ್ತು ಮಾವಾ."

ಬಲಕ್ಕೆ ತಿರುಗಿಸಿದ. ಬಳೆ ಅಲುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಊಹೂಂ. ಗೊಣಗುತ್ತ ಎಡಕ್ಕೇ ಪೂರ್ತಿ ಒಂದು ಸುತ್ತು ಹಾಕಿಸಲು ಹೊರಟ, ಕಟ್ ಕಟ್ ಕಟ್ ಕಟ್...

"ಅದೇ! ಅದೇ ನಮ್ಮದು!" ಶೀನ ಕುಣಿದೇಬಿಟ್ಟ. "ಅಜ್ಜಿಯ ಗಡಿಯಾರದ ಬಳೆ ಹಿಂದಕ್ಕೆ ಮಾತ್ರ ತಿರುಗುವುದು. ಬಂಡೆಗೆ ತಾಗಿ ಸರಿದರೂ ಕಳೆದ ಹೊತ್ತನ್ನು ಜಾಸ್ತಿ ತೋರಿಸುತ್ತದೆ, ಮುಳುಗಿದವರು ಬೇಗ ಮೇಲೆ ಬರುತ್ತಾರೆ. ನಿಮ್ಮದು ಎರಡೂ ಕಡೆ ತಿರುಗುತ್ತದೆ. ಮುಂದಕ್ಕೆ ಸರಿದರೆ ಇನ್ನೂ ಹೊತ್ತುಂಟು ಅಂತ ಸುಳ್ಳು ಹೇಳುತ್ತದೆ. ಅದನ್ನು ನಂಬಿಯೇ ನನ್ನಕ್ಕ ಮೇಲೆ ಬರಲಿಲ್ಲ!"

ಒಗಟಿಗೆ ಉತ್ತರ ಸಿಕ್ಕಿತಲ್ಲ?

ಶೀನ ಗಡಿಯಾರ ಎತ್ತಿಕೊಂಡು ಓಡಿದ. ಹೊರಗೆ ಕಾಯುತ್ತಿದ್ದ ಬಂಗುಡೆಯ ಬಾಲ ಹಿಡಿದು ಗುಳ್ಳೆಗೆ ತಾಗಿಸಿದ. ಗುಳ್ಳೆ ಟಪ್ ಅಂತ ಒಡೆಯಿತು. ಬಂಗುಡೆಯ ಬಾಲಕ್ಕೆ ಅಕ್ಕ ತಮ್ಮ ಇಬ್ಬರೂ ನೇತುಬಿದ್ದರು.

ಮಾಂತ್ರಿಕನಿಗೆ ಸಿಟ್ಟು ನೆತ್ತಿಗೇರಿತು. "ನಾನು ಮಾಡಿದ್ದಕ್ಕೇನು ಕಡಿಮೆ?" ಅಂತ ನಕಲಿಯನ್ನೇ ಕೈಗೆ ಕಟ್ಟಿ, ಚುಕ್ಕೆ ಹೊಂದಿಸಿ, ಬೆನ್ನಟ್ಟಿದ. ಬಂಗುಡೆ ಬೇಕಂತಲೇ ಬಂಡೆಗಳ ಸಂದಿಯಲ್ಲಿ ಸುತ್ತಾಡಿಸಿತು. ಒಂದು ಕಡೆ ಅವನ ಕೈ ಬಂಡೆಗೆ ಉಜ್ಜಿತು. ಬಳೆ ಮುಂದಕ್ಕೆ ಸರಿಯಿತು. ಹೊತ್ತುನುಂಗ ಗಡಿಯಾರ ನೋಡಿಕೊಂಡ. "ಹಹ್ಹಾ, ಇನ್ನೂ ಬೇಕಾದಷ್ಟು ಹೊತ್ತುಂಟು!" ಅಂತ ನಕ್ಕ.

ನಗುತ್ತಿದ್ದ ಹಾಗೇ ಕಲ್ಲಾದ.

ಏಡಿ ಮನುಷ್ಯನಾದ, ಆಮೆ ಮನುಷ್ಯನಾದ. ಎಲ್ಲರೂ ನೀರಿನ ಮೇಲೆ ತಲೆ ಎತ್ತಿದರು. ಸೂರ್ಯ ಇನ್ನೂ ಒಂದು ಉಗುರಿನಷ್ಟು ಉಳಿದಿದ್ದ. ದುಗ್ಗಕ್ಕ ಹಾ... ಅಂತ ಊರಿಗೆಲ್ಲ ಕೇಳುವಷ್ಟು ಉದ್ದ ಉಸಿರು ಎಳೆದುಕೊಂಡಳು. ಆಮೇಲೆ ತಮ್ಮನ ಕಿವಿ ಹಿಂಡಿದಳು. ಕಿವಿ ನೋಯುತ್ತಿದ್ದರೂ ಶೀನ ನಗುತ್ತಲೇ ಬಾವಿಗೆ ಓಡಿ ಗಡಿಯಾರ ತೊಳೆದ. ಅಲೆಪುರದವರು ಮುಳುಗಿದರು, ಎದ್ದರು, ಉಂಡರು, ಯಾರೂ ಕೆಳಗೆ ಉಳಿಯಲಿಲ್ಲ.

ಈಗ ನಿಜ ಹೇಳುತ್ತೇನೆ. ಈ ಕತೆ ನನಗೆ ಹೇಳಿದ್ದು ಬಸ್‌ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿ ಮಾಡುವ ಹಸನಬ್ಬ. ಮಾಂತ್ರಿಕ ಬೆನ್ನಟ್ಟಿದ ಅನ್ನುವಲ್ಲಿಗೆ ಅವರಿಗೆ ಗಿರಾಕಿ ಬಂದ. ಮರುದಿನ ಕೇಳಿದರೆ, "ಎಲ್ಲಿಗೆ ನಿಲ್ಲಿಸಿದ್ದೆ ಮಾರಾಯ? ಮರೆತೇಹೋಯ್ತು" ಅಂದರು. ದುಗ್ಗಕ್ಕನನ್ನು ಅಷ್ಟು ಆಳದಲ್ಲಿ ಬಿಟ್ಟು ನಾನು ಮನೆಗೆ ಹೋಗಿ ಊಟ ಮಾಡುವುದು ಹೇಗೆ? ಅಲ್ಲಿಂದ ಮೇಲಕ್ಕೆ ಅವಳನ್ನು ಕರೆದುಕೊಂಡು ಬಂದದ್ದು ನಾನೇ.